ಫೆಬ್ರವರಿಯ ಅಲಾಟ್‌ಮೆಂಟ್: ಈಗಲೇ ಮುಗಿಸಬೇಕಾದ್ದು ಯಾವುದು, ಕಾಯಬೇಕಾದ್ದು ಯಾವುದು

ನಮ್ಮೂರಲ್ಲಿ ನೀರೊಂದಿದ್ದರೆ ಯಾವ ತಿಂಗಳಲ್ಲಾದರೂ ಸೊಪ್ಪಿನ ಬೀಜ ಚೆಲ್ಲಬಹುದು. ಇಂಗ್ಲೆಂಡಿನ ಅಲಾಟ್‌ಮೆಂಟಿನಲ್ಲಿ, ಅಂದರೆ ತರಕಾರಿ, ಹಣ್ಣು ಬೆಳೆದುಕೊಳ್ಳಲು ಬಾಡಿಗೆಗೆ ಸಿಗುವ ತುಂಡು ನೆಲದಲ್ಲಿ, ನೀರಿಗೆ ಬರವಿಲ್ಲ. ಬರ ಇರುವುದು ಬೆಳಕಿಗೆ, ಮಣ್ಣಿನ ಕಾವಿಗೆ. ಮಿಡ್‌ಲ್ಯಾಂಡ್ಸ್ ಕಡೆ ಫೆಬ್ರವರಿಯ ಮೊದಲ ದಿನಗಳಲ್ಲಿ ಹಗಲು 9 ಗಂಟೆ ದಾಟಿರುತ್ತದೆ ಅಷ್ಟೆ, ತಿಂಗಳ ಕೊನೆಗೆ 11ರ ಹತ್ತಿರ ಬರುತ್ತದೆ. ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ 4 ಅಥವಾ 5 ಡಿಗ್ರಿ ಸೆಲ್ಸಿಯಸ್. ಅಂಗಡಿಯ ಬೀಜದ ಪೊಟ್ಟಣದ ಹಿಂದೆ ‘ಫೆಬ್ರವರಿಯಿಂದ ಬಿತ್ತಿ’ ಎಂದು ಅಚ್ಚಾಗಿದ್ದರೂ ಆ ಮಣ್ಣಿನಲ್ಲಿ ಬಹುಪಾಲು ಬೀಜ ಮೊಳೆಯುವುದಿಲ್ಲ, ಕೊಳೆಯುತ್ತದೆ. ಆದರೆ ಇದೇ ಆರೇಳು ವಾರಗಳಲ್ಲಿ, ಅಂದರೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ, ಮಾಡದೆ ಬಿಟ್ಟರೆ ಮತ್ತೆ ಒಂದು ವರ್ಷ ಕಾಯಬೇಕಾದ ಕೆಲಸಗಳೂ ಇವೆ. ಇವು ಹೆಚ್ಚಾಗಿ ಕತ್ತರಿಯ ಮತ್ತು ಗೊಬ್ಬರದ ಕೆಲಸಗಳು. ಬೀಜದ ಕೆಲಸದಲ್ಲಿ ನಾಲ್ಕೈದು ಮಾತ್ರ ಈಗಿನವು.

ಪೂರ್ತಿ ಅಲಾಟ್‌ಮೆಂಟ್ ಎಂದರೆ ಹಳೆಯ ಲೆಕ್ಕದಲ್ಲಿ 10 ಪೋಲ್, ಸುಮಾರು 250 ಚದರ ಮೀಟರ್. ಬೆಂಗಳೂರಿನ ಎರಡು 30x40 ಸೈಟಿಗಿಂತ ತುಸು ಹೆಚ್ಚು. ಬೇಡಿಕೆ ಇದ್ದಲ್ಲಿ ಕೌನ್ಸಿಲ್‌ಗಳು ಇಂಥ ಜಾಗ ಒದಗಿಸಬೇಕು ಎಂಬ ಹೊಣೆ 1908ರ ಕಾಯಿದೆಯಿಂದ ಬಂದದ್ದು. ಈಗ ಹೊಸಬರಿಗೆ ಹೆಚ್ಚಾಗಿ ಸಿಗುವುದು ಅರ್ಧ ಪ್ಲಾಟ್. ಕೆಳಗೆ ಬರೆದಿರುವ ಕೆಲಸಗಳು ಅರ್ಧ ಪ್ಲಾಟಿನ ಅಳತೆಗೆ, ಮಿಡ್‌ಲ್ಯಾಂಡ್ಸ್‌ನ ಭಾರವಾದ ಜೇಡಿಮಣ್ಣಿಗೆ ಹೊಂದಿದವು. ಕಾರ್ನ್‌ವಾಲ್‌ನಲ್ಲಿರುವವರು ಒಂದೆರಡು ವಾರ ಮೊದಲು, ಸ್ಕಾಟ್ಲೆಂಡಿನಲ್ಲಿರುವವರು ಎರಡು ಮೂರು ವಾರ ತಡವಾಗಿ ಎಂದು ಓದಿಕೊಳ್ಳಬೇಕು.

ಮಣ್ಣು

ಒದ್ದೆ ಜೇಡಿಮಣ್ಣಿನ ಮೇಲೆ ಕಾಲಿಡಬಾರದು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಡಿಯಾಗಿ ಉದುರಿದರೆ ಕೆಲಸಕ್ಕೆ ಹದವಾಗಿದೆ. ಬೆರಳಚ್ಚು ಮೂಡಿ ಹೊಳೆಯುತ್ತಿದ್ದರೆ ಆ ದಿನ ಮಡಿಯ ಕೆಲಸ ಬಿಟ್ಟು ಗಿಡ ಸವರಲು ಹೋಗುವುದು ಒಳ್ಳೆಯದು. ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ, ಬೇಸಿಗೆಯಲ್ಲಿ ಅದೇ ಜಾಗ ಹೆಂಟೆ ಕಟ್ಟಿ ಬಿರುಕು ಬಿಡುತ್ತದೆ, ಬೇರು ಇಳಿಯುವುದಿಲ್ಲ. ಹೋಗಲೇಬೇಕಾದರೆ 20 ಸೆಂಟಿಮೀಟರ್ ಅಗಲದ ಹಲಗೆ ಹಾಸಿ ಅದರ ಮೇಲೆ ನಿಂತು ಕೆಲಸ ಮಾಡಬೇಕು. ಮಡಿಯ ಅಗಲ 1.2 ಮೀಟರ್ ಮೀರದಿದ್ದರೆ ಎರಡೂ ಕಡೆಯ ದಾರಿಯಿಂದಲೇ ಕೈ ನಿಲುಕುತ್ತದೆ, ಹಲಗೆಯೂ ಬೇಡ.

ಗೊಬ್ಬರದ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಿ. 1 ಚದರ ಮೀಟರಿಗೆ 5 ಸೆಂಟಿಮೀಟರ್ ದಪ್ಪ ಹರಡಲು 50 ಲೀಟರ್ ಬೇಕು. ಸಾಮಾನ್ಯ ತಳ್ಳುಗಾಡಿಯಲ್ಲಿ ಸುಮಾರು 85 ಲೀಟರ್ ಹಿಡಿಯುತ್ತದೆ. 30 ಚದರ ಮೀಟರ್ ಮಡಿಗೆ 1,500 ಲೀಟರ್, ಅಂದರೆ 18 ಗಾಡಿ. ಇಷ್ಟು ಒಟ್ಟಿಗೆ ಸಿಗುವುದು ಕಷ್ಟವಾದರೆ ಆಲೂಗಡ್ಡೆ, ಕುಂಬಳ, ಹುರುಳಿಕಾಯಿ ಬರುವ ಮಡಿಗಳಿಗೆ ಮೊದಲು ಕೊಡಿ. ಕ್ಯಾರೆಟ್ ಮತ್ತು ಪಾರ್ಸ್ನಿಪ್ ಬರುವ ಮಡಿಗೆ ಈ ವರ್ಷ ಹಸಿ ಗೊಬ್ಬರ ಬೇಡವೇ ಬೇಡ, ಗೆಡ್ಡೆ ಕವಲೊಡೆಯುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನು ಅಗೆದು ಬೆರೆಸಬೇಕೆಂದಿಲ್ಲ. ಮೇಲೆ ಹಾಸಿಬಿಟ್ಟರೆ ಎರೆಹುಳುಗಳು ಏಪ್ರಿಲ್ ಹೊತ್ತಿಗೆ ಒಳಗೆಳೆದುಕೊಂಡಿರುತ್ತವೆ. ಕೌಚ್ ಗ್ರಾಸ್, ಬೈಂಡ್‌ವೀಡ್ ಎಂಬ ಕಳೆಗಳಿರುವ ಮಡಿಗೆ ಮಾತ್ರ ಮೊದಲು ಫೋರ್ಕ್ ಹಾಕಿ ಬಿಳಿ ಬೇರುಗಳನ್ನು ಎಳೆದು ತೆಗೆಯಬೇಕು. ಗುದ್ದಲಿ, ಸಲಿಕೆ ಬಳಸಿದರೆ ಬೇರು ತುಂಡಾಗಿ, ಪ್ರತಿ ತುಂಡೂ ಹೊಸ ಗಿಡವಾಗುತ್ತದೆ.

ಕುದುರೆಲಾಯದ ಗೊಬ್ಬರ ಇಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಪರೀಕ್ಷೆ ಮಾಡದೆ ಮಡಿಗೆ ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್ ಎಂಬ ಕಳೆನಾಶಕ ಹುಲ್ಲಿನ ಮೂಲಕ ಕುದುರೆಯ ಹೊಟ್ಟೆಗೆ ಹೋಗಿ, ಕೆಡದೆ ಲದ್ದಿಯಲ್ಲಿ ಹೊರಬರುತ್ತದೆ. ಹುಲ್ಲಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಟೊಮೇಟೊ, ಆಲೂಗಡ್ಡೆ, ಅವರೆ ಜಾತಿಯ ಗಿಡಗಳು ಸುರುಟಿಕೊಂಡು ಕೆಡುತ್ತವೆ. ಪರೀಕ್ಷೆ ಸುಲಭ. ಮೂರು ಕುಂಡಗಳಲ್ಲಿ ಗೊಬ್ಬರ ಮತ್ತು ಅಂಗಡಿಯ ಕಾಂಪೋಸ್ಟನ್ನು ಸಮಪಾಲು ಬೆರೆಸಿ ತುಂಬಿ, ಇನ್ನು ಮೂರರಲ್ಲಿ ಬರಿಯ ಕಾಂಪೋಸ್ಟ್ ಹಾಕಿ. ಪ್ರತಿ ಕುಂಡಕ್ಕೂ ಮೂರು ಬ್ರಾಡ್ ಬೀನ್ಸ್ ಬೀಜ ಊರಿ, ಒಂದರ ನೀರು ಇನ್ನೊಂದಕ್ಕೆ ಹೋಗದಂತೆ ಬೇರೆ ಬೇರೆ ತಟ್ಟೆಯಲ್ಲಿಟ್ಟು ಬೆಚ್ಚಗಿನ ಕಿಟಕಿಯಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಗೊಬ್ಬರದ ಕುಂಡಗಳ ಎಲೆ ಬಟ್ಟಲಿನಂತೆ ಮುದುಡಿದರೆ ಅಥವಾ ಜರೀಗಿಡದ ತುದಿಯಂತೆ ಸುರುಳಿ ಸುತ್ತಿದರೆ ಆ ಗೊಬ್ಬರ ಬೇಡ. ಫೆಬ್ರವರಿಯ ಆರಂಭದಲ್ಲಿ ಪರೀಕ್ಷೆಗಿಟ್ಟರೆ ಮಾರ್ಚ್ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ.

ಎಲೆಕೋಸು, ಹೂಕೋಸು ಬರುವ ಮಡಿಗೆ ಸುಣ್ಣ. ಬೇರುಗಂಟು ರೋಗ (ಕ್ಲಬ್‌ರೂಟ್) ಇರುವ ಅಲಾಟ್‌ಮೆಂಟ್ ಸೈಟಿನಲ್ಲಿ ಪಿಎಚ್ 7ಕ್ಕಿಂತ ಮೇಲಿದ್ದರೆ ರೋಗದ ಉಪಟಳ ಕಡಿಮೆ. ಎಷ್ಟು ಹಾಕಬೇಕೆಂಬುದು ಈಗಿನ ಪಿಎಚ್ ಮತ್ತು ಮಣ್ಣಿನ ಬಗೆಯ ಮೇಲೆ ನಿಂತಿರುವುದರಿಂದ ಪರೀಕ್ಷಾ ಕಿಟ್‌ನಲ್ಲಿ ನೋಡಿ, ಚೀಲದ ಮೇಲಿನ ಪಟ್ಟಿಯ ಪ್ರಕಾರ ಹಾಕಿ. ಸುಣ್ಣ ಮತ್ತು ಲದ್ದಿಗೊಬ್ಬರ ಒಟ್ಟಿಗೆ ಬೇಡ. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಆಲೂಗಡ್ಡೆಯ ಮಡಿಗೂ ಸುಣ್ಣ ಬೇಡ, ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ.

ಸವರುವ ಕೆಲಸ

ಸೇಬು ಮತ್ತು ಪೇರ್ ಮರಗಳನ್ನು ಎಲೆ ಉದುರಿದ ಮೇಲಿನಿಂದ ಕಣ್ಣು ಒಡೆಯುವ ಮುಂಚಿನವರೆಗೆ, ಅಂದರೆ ಮಾರ್ಚ್ ಆರಂಭದವರೆಗೆ ಸವರಬಹುದು. ನಾನು ಫೆಬ್ರವರಿಯನ್ನೇ ಆರಿಸಿಕೊಳ್ಳುತ್ತೇನೆ. ಆ ಹೊತ್ತಿಗೆ ಕಣ್ಣುಗಳು ಉಬ್ಬಿ, ಯಾವುದು ಹೂವಿನದು ಯಾವುದು ಎಲೆಯದು ಎಂದು ಬರಿಗಣ್ಣಿಗೇ ತಿಳಿಯುತ್ತದೆ. ಹೂವಿನ ಕಣ್ಣು ದಪ್ಪ, ದುಂಡಗೆ, ಮೇಲೆ ಬೂದು ತುಪ್ಪುಳು. ಎಲೆಯ ಕಣ್ಣು ತೆಳ್ಳಗೆ, ಚೂಪಾಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ. ಕಡುಶೀತದಲ್ಲಿ ಕೊಂಬೆ ಹೆಪ್ಪುಗಟ್ಟಿರುವ ದಿನ ಕತ್ತರಿ ಮುಟ್ಟಬಾರದು.

ಬೆರಳು ದಪ್ಪದ ಕಡ್ಡಿಗೆ ಸಿಕೇಟರ್ ಎಂಬ ಕೈಕತ್ತರಿ, 3–4 ಸೆಂಟಿಮೀಟರ್ ದಪ್ಪದ್ದಕ್ಕೆ ಉದ್ದ ಹಿಡಿಯ ಲಾಪರ್, ಅದಕ್ಕೂ ಮೇಲಿನದಕ್ಕೆ ಸವರುವ ಗರಗಸ. ಸಿಕೇಟರ್‌ನಲ್ಲಿ ದಪ್ಪ ಕೊಂಬೆಯನ್ನು ತಿರುಚಿ ಮುರಿದರೆ ಗಾಯ ಜಜ್ಜಿಹೋಗಿ ಅಲ್ಲಿಂದ ಕ್ಯಾಂಕರ್ ಎಂಬ ತೊಗಟೆಯ ರೋಗ ಒಳಸೇರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಮೆಥಿಲೇಟೆಡ್ ಸ್ಪಿರಿಟ್‌ನಲ್ಲಿ ಒರೆಸಿ.

ಮೊದಲು ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವ ಕೊಂಬೆಗಳು ಹೋಗಬೇಕು. ತೊಗಟೆ ಒಳಗೆ ಕುಸಿದು, ಅಂಚು ಉಂಗುರ ಉಂಗುರವಾಗಿ ಬಿರಿದಿದ್ದರೆ ಅದೇ ಕ್ಯಾಂಕರ್. ಕತ್ತರಿಸಿದ ಅಡ್ಡಮುಖದಲ್ಲಿ ಕಂದು ಕಲೆ ಕಾಣದಿರುವವರೆಗೆ ಹಿಂದೆ ಸರಿದು ಕಡಿಯಬೇಕು. ಆಮೇಲೆ ನಡುವಿನಲ್ಲಿ ನೆಟ್ಟಗೆ ಎದ್ದ ಕಡ್ಡಿಗಳು. ಮರದ ಒಳಗೆ ಗಾಳಿ ಬೆಳಕು ಆಡುವಷ್ಟು ತೆರವು ಬೇಕು. ಕೊನೆಗೆ, ಮುಖ್ಯ ಕೊಂಬೆಗಳ ಹೋದ ವರ್ಷದ ಬೆಳವಣಿಗೆಯಲ್ಲಿ ಮೂರನೇ ಒಂದು ಭಾಗ ಕತ್ತರಿಸಿ. ಕತ್ತರಿ ಹೊರಮುಖದ ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಬೀಳಬೇಕು, ಓರೆ ಕಣ್ಣಿನ ಆಚೆಗೆ ಇಳಿಯಬೇಕು. ಕಣ್ಣಿಗೆ ತೀರಾ ಹತ್ತಿರವಾದರೆ ಕಣ್ಣೇ ಒಣಗುತ್ತದೆ, ದೂರವಾದರೆ ಉಳಿದ ಮೋಟು ಕೊಳೆಯುತ್ತದೆ. ಪಕ್ಕದ ರೆಂಬೆಗಳಲ್ಲಿ ಐದಾರು ಕಣ್ಣು ಉಳಿಸಿ.

ಆದರೆ ಎಲ್ಲ ಸೇಬಿಗೂ ಈ ಕೊನೆಯ ನಿಯಮ ನಡೆಯುವುದಿಲ್ಲ. ಕೆಲವು ತಳಿಗಳು ಕಡ್ಡಿಯ ತುದಿಯಲ್ಲಿ ಹೂ ಬಿಡುತ್ತವೆ. ಅಡುಗೆಯ ಸೇಬು ಬ್ರಾಮ್ಲಿ ಅರ್ಧಕ್ಕರ್ಧ ಈ ಜಾತಿಯದು. ಅದರ ಎಲ್ಲ ತುದಿಗಳನ್ನೂ ಒಪ್ಪವಾಗಿ ಕತ್ತರಿಸಿದರೆ ಆ ವರ್ಷದ ಫಸಲಿನಲ್ಲಿ ದೊಡ್ಡ ಪಾಲು ನೆಲಕ್ಕೆ ಬಿದ್ದಿತು ಎಂದೇ ಲೆಕ್ಕ. ಹೆಸರು ಗೊತ್ತಿಲ್ಲದ ಮರವಾದರೆ ತುದಿಯ ಕಣ್ಣು ದಪ್ಪಗಿದೆಯೇ ಎಂದು ನೋಡಿ, ದಪ್ಪಗಿದ್ದರೆ ತುದಿ ಮುಟ್ಟದೆ ಹಳೆಯ ಕೊಂಬೆಗಳನ್ನು ಬುಡದಿಂದ ತೆಗೆದು ಹೊಸದಕ್ಕೆ ಜಾಗ ಮಾಡಿಕೊಡಿ.

ದಪ್ಪ ಕೊಂಬೆ ತೆಗೆಯುವಾಗ ಮೂರು ಕೊಯ್ತ ಬೇಕು. ಕಾಂಡದಿಂದ 25 ಸೆಂಟಿಮೀಟರ್ ಆಚೆ, ಕೆಳಗಿನಿಂದ ಮೂರನೇ ಒಂದು ಭಾಗ ಗರಗಸ ಎಳೆಯಿರಿ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಕೊಂಬೆ ಉದುರುತ್ತದೆ. ಆಮೇಲೆ ಉಳಿದ ಮೋಟನ್ನು ಕಾಂಡ ಸೇರುವಲ್ಲಿನ ಉಬ್ಬಿದ ಬಳೆಯ ಹೊರ ಅಂಚಿಗೆ ಕೊಯ್ಯಬೇಕು. ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆ ಉದ್ದಕ್ಕೆ ಸೀಳಿಬರುತ್ತದೆ. ಗಾಯಕ್ಕೆ ಬಣ್ಣ, ಟಾರು ಏನೂ ಬೇಡ. ಆ ಬಳೆಯಿಂದಲೇ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ.

ಒಂದು ಚಳಿಗಾಲದಲ್ಲಿ ಮರದ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹೆಚ್ಚು ತೆಗೆದಷ್ಟೂ ಬೇಸಿಗೆಯಲ್ಲಿ ನೆಟ್ಟಗೆ ಏಳುವ, ಹಣ್ಣು ಬಿಡದ ನೀರುಚಿಗುರು ಹೆಚ್ಚು. ವರ್ಷಗಳಿಂದ ಕತ್ತರಿ ಕಾಣದ ಮರ ಸಿಕ್ಕಿದರೆ ಕೆಲಸವನ್ನು ಮೂರು ಚಳಿಗಾಲಕ್ಕೆ ಹಂಚಿ.

ಪ್ಲಮ್, ಚೆರ‍್ರಿ ಮರಗಳ ಹತ್ತಿರ ಈಗ ಕತ್ತರಿ ಒಯ್ಯಲೇಬೇಡಿ. ಚಳಿಗಾಲದ ತೇವದಲ್ಲಿ ಸಿಲ್ವರ್ ಲೀಫ್ ಎಂಬ ಶಿಲೀಂಧ್ರ ಹಸಿ ಗಾಯದಿಂದ ಒಳಹೊಕ್ಕು ಕೊಂಬೆ ಕೊಂಬೆಯಾಗಿ ಮರವನ್ನು ಕೊಲ್ಲುತ್ತದೆ. ಅವುಗಳ ಸರದಿ ಜೂನ್‌ನಿಂದ ಆಗಸ್ಟ್. ದ್ರಾಕ್ಷಿಯ ಕಾಲವೂ ಡಿಸೆಂಬರಿನಲ್ಲೇ ಮುಗಿಯಿತು. ಫೆಬ್ರವರಿ ಕೊನೆಯಲ್ಲಿ ಕತ್ತರಿಸಿದ ಬಳ್ಳಿಯಿಂದ ರಸ ಸೋರುತ್ತಲೇ ಇರುತ್ತದೆ.

ಪೊದೆ ಹಣ್ಣುಗಳಲ್ಲಿ ತಪ್ಪಾಗುವುದು ಗಿಡ ಗುರುತು ಸಿಗದೆ. ಹೊಸದಾಗಿ ಪ್ಲಾಟ್ ಹಿಡಿದವರಿಗೆ ಎಲೆಯಿಲ್ಲದ ನಾಲ್ಕು ಪೊದೆ ಸಿಕ್ಕಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಡ್ಡಿಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿ. ಗಾಢವಾದ ವಾಸನೆ ಬಂದರೆ ಬ್ಲ್ಯಾಕ್‌ಕರೆಂಟ್. ವಾಸನೆ ಇಲ್ಲದೆ, ಕಣ್ಣುಗಳು ಹಳೆ ಕೊಂಬೆಯ ಮೇಲೆ ಗೊಂಚಲಾಗಿದ್ದರೆ ರೆಡ್‌ಕರೆಂಟ್. ಮುಳ್ಳಿದ್ದರೆ ಗೂಸ್‌ಬೆರಿ. ಇದು ಮುಖ್ಯ, ಏಕೆಂದರೆ ಬ್ಲ್ಯಾಕ್‌ಕರೆಂಟಿನ ಒಳ್ಳೆಯ ಫಸಲು ಬರುವುದು ಹೋದ ವರ್ಷದ ಎಳೆ ಕಡ್ಡಿಯಲ್ಲಿ. ಅದರ ಹಳೆಯ, ಕಪ್ಪಗಾದ ಕೊಂಬೆಗಳಲ್ಲಿ ಮೂರನೇ ಒಂದು ಭಾಗವನ್ನು ನೆಲಮಟ್ಟಕ್ಕೆ ಕಡಿಯಬೇಕು. ರೆಡ್‌ಕರೆಂಟ್ ಮತ್ತು ಗೂಸ್‌ಬೆರಿ ಹಣ್ಣು ಬಿಡುವುದು ಹಳೆಯ ಕೊಂಬೆಯ ಮೇಲಿನ ಗಿಡ್ಡ ಗೆಣ್ಣುಗಳಲ್ಲಿ. ಅವಕ್ಕೆ ಒಂದೇ ಬುಡ, ನಡು ತೆರೆದ ಬಟ್ಟಲಿನ ಆಕಾರ. ಮುಖ್ಯ ಕೊಂಬೆಗಳನ್ನು ಅರ್ಧಕ್ಕೆ ತಂದು, ಪಕ್ಕದ ರೆಂಬೆಗಳಲ್ಲಿ ಒಂದರಿಂದ ಮೂರು ಕಣ್ಣು ಉಳಿಸಿದರೆ ಸಾಕು. ಒಂದರ ಕ್ರಮ ಇನ್ನೊಂದಕ್ಕೆ ಮಾಡಿದರೆ ಆ ವರ್ಷದ ಫಸಲೇ ಕೈಬಿಡುತ್ತದೆ. ಬುಲ್‌ಫಿಂಚ್ ಹಕ್ಕಿ ಗೂಸ್‌ಬೆರಿಯ ಕಣ್ಣುಗಳನ್ನು ಒಂದೊಂದಾಗಿ ಕಿತ್ತು ತಿನ್ನುವ ಸೈಟಾದರೆ ಫೆಬ್ರವರಿಯ ಕೊನೆಗೆ ಸವರಿ, ಯಾವ ಕಣ್ಣು ಉಳಿದಿದೆ ಎಂದು ನೋಡಿ ಕತ್ತರಿಸಬಹುದು.

ಬ್ಲ್ಯಾಕ್‌ಕರೆಂಟ್ ಸವರುವಾಗ ಇನ್ನೊಂದು ನೋಡಬೇಕು. ಮಿಕ್ಕವು ನೀಳವಾಗಿರುವಾಗ ಕೆಲವು ಕಣ್ಣುಗಳು ಬಟಾಣಿಯಷ್ಟು ದುಂಡಗೆ ಊದಿದ್ದರೆ ಅದರೊಳಗೆ ನುಸಿ ಸೇರಿದೆ. ಅದು ರಿವರ್ಷನ್ ಎಂಬ ವೈರಸ್ಸನ್ನೂ ಹರಡುತ್ತದೆ. ನಾಲ್ಕಾರು ಇದ್ದರೆ ಚಿವುಟಿ ತೆಗೆದು ಕಸದ ಡಬ್ಬಿಗೆ ಹಾಕಿ, ಕಾಂಪೋಸ್ಟಿಗೆ ಬೇಡ. ಗಿಡದ ತುಂಬ ಇದ್ದರೆ ಗಿಡವನ್ನೇ ಕಿತ್ತು, ಬೇರೆ ಜಾಗದಲ್ಲಿ ರೋಗಮುಕ್ತ ಸರ್ಟಿಫಿಕೇಟ್ ಇರುವ ಹೊಸ ಗಿಡ ನೆಡಿ. ನೆಡುವಾಗ ನರ್ಸರಿಯಲ್ಲಿದ್ದ ಮಟ್ಟಕ್ಕಿಂತ 5 ಸೆಂಟಿಮೀಟರ್ ಆಳ.

ರಾಸ್ಪ್‌ಬೆರಿಯಲ್ಲಿ ಎರಡು ಬಗೆ. ಶರತ್ಕಾಲದಲ್ಲಿ ಹಣ್ಣು ಬಿಡುವ ಆಟಮ್ ಬ್ಲಿಸ್, ಪೋಲ್ಕಾ ಮುಂತಾದವನ್ನು ಫೆಬ್ರವರಿಯಲ್ಲಿ ನೆಲಕ್ಕೆ ಸಮನಾಗಿ ಕತ್ತರಿಸಿಬಿಡಬೇಕು, ಒಂದೂ ಕಡ್ಡಿ ಉಳಿಯಬಾರದು. ಹೊಸ ಮೊಳಕೆ ನೆಲ ಬಿಟ್ಟು ಏಳುವ ಮೊದಲೇ ಈ ಕೆಲಸ ಆಗಬೇಕು. ಬೇಸಿಗೆಯ ಬಗೆಯಲ್ಲಿ ಹಣ್ಣು ಬಿಟ್ಟು ಮುಗಿದ ಕಡ್ಡಿಗಳು ಹೋದ ಶರತ್ಕಾಲಕ್ಕೇ ಹೋಗಿರಬೇಕು. ಉಳಿದ ಎಳೆ ಕಡ್ಡಿಗಳೇ ಈ ವರ್ಷದ ಫಸಲು. ಅವನ್ನು ತಂತಿಗೆ 10 ಸೆಂಟಿಮೀಟರಿಗೆ ಒಂದರಂತೆ ಕಟ್ಟಿ, ಮೇಲಿನ ತಂತಿಗಿಂತ ಒಂದು ಗೇಣು ಮೇಲಕ್ಕೆ ತುದಿ ಚಿವುಟಿ. ಯಾವ ಬಗೆಯೆಂದು ಗೊತ್ತಿಲ್ಲದಿದ್ದರೆ ಕಡ್ಡಿ ನೋಡಿ: ಹೋದ ವರ್ಷದ ಎಳೆ ಕಡ್ಡಿಯ ತುದಿಯಲ್ಲೇ ಒಣಗಿದ ಹಣ್ಣಿನ ತೊಟ್ಟುಗಳಿದ್ದರೆ ಅದು ಶರತ್ಕಾಲದ್ದು. ತೊಟ್ಟಿಲ್ಲದ ನುಣುಪು ಕಡ್ಡಿಗಳ ನಡುವೆ ಪಕ್ಕರೆಂಬೆ ಒಣಗಿದ ಹಳೆಯ ಕಡ್ಡಿಗಳಿದ್ದರೆ ಬೇಸಿಗೆಯದು.

ಬರಿಬೇರಿನ ಹಣ್ಣಿನ ಗಿಡ ನೆಡಲು ಮಾರ್ಚ್‌ವರೆಗೂ ಅವಕಾಶವಿದೆ. ಸೇಬಾದರೆ ಸೈಟಿನ ನಿಯಮ ಓದಿ, ಗಿಡ್ಡ ಬೇರುಕಾಂಡದ ಎಂ9 ಅಥವಾ ಎಂ26 ಕೇಳಿ ತನ್ನಿ. ಕಸಿಯ ಗಂಟು ಮಣ್ಣಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಮೇಲಿನ ತಳಿಯೇ ಬೇರು ಬಿಟ್ಟು ಮರ ದೊಡ್ಡದಾಗಿಬಿಡುತ್ತದೆ. ಬೇಲಿ ಸವರುವುದಿದ್ದರೆ ಫೆಬ್ರವರಿಯಲ್ಲೇ ಮುಗಿಸಿ. ಮಾರ್ಚ್‌ನಿಂದ ಹಕ್ಕಿಗಳು ಗೂಡು ಕಟ್ಟುತ್ತವೆ, 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಬಳಕೆಯಲ್ಲಿರುವ ಗೂಡು ಕೆಡಿಸುವುದು ಅಪರಾಧ.

ರೂಬಾರ್ಬ್

ಈ ಕಾಲದಲ್ಲಿ ತೋಟದಿಂದ ಹೊಸದಾಗಿ ಕೈಗೆ ಬರುವ ಬೆಳೆ ಹುಳಿ ದಂಟಿನ ಈ ಗಿಡವೊಂದೇ ಎನ್ನಬಹುದು. ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಸುತ್ತ ಕತ್ತಲೆ ಕೊಟ್ಟಿಗೆಗಳಲ್ಲಿ ಮೊಂಬತ್ತಿ ಬೆಳಕಿನಲ್ಲಿ ಕೊಯ್ಯುವ ರೂಬಾರ್ಬ್ ಹೆಸರುವಾಸಿ. ತೋಟದಲ್ಲಿ ಅದೇ ಕೆಲಸಕ್ಕೆ ಒಂದು ದೊಡ್ಡ ಬಕೆಟ್ ಸಾಕು. ಗೆಡ್ಡೆಯ ಸುತ್ತ ಕೊಳೆತ ಎಲೆ ತೆಗೆದು, ಒಣಹುಲ್ಲು ಹಾಸಿ, ಬಕೆಟ್ ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೆ ಇಟ್ಟಿಗೆ ಇಡಿ. ಬೆಳಕು ನುಸುಳುವ ತೂತಿದ್ದರೆ ಮುಚ್ಚಿ. ಜನವರಿ ಕೊನೆಗೆ ಮುಚ್ಚಿದರೆ ಎಂಟು ವಾರದಲ್ಲಿ ಎಳೆಯ ಗುಲಾಬಿ ದಂಟು ಬಂದಿರುತ್ತದೆ. ಕತ್ತರಿಸದೆ ಬುಡ ಹಿಡಿದು ತಿರುಚಿ ಎಳೆಯಬೇಕು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಎಲೆ ತಿನ್ನಬಾರದು, ಕಾಂಪೋಸ್ಟಿಗೆ ಹಾಕಬಹುದು. ಎರಡು ವರ್ಷ ತುಂಬದ ಗಿಡವನ್ನು ಮುಚ್ಚಬೇಡಿ. ಒಮ್ಮೆ ಮುಚ್ಚಿದ ಗಿಡಕ್ಕೆ ಮುಂದಿನ ವರ್ಷ ವಿಶ್ರಾಂತಿ. ದಂಟು ಐದಾರು ನಿಮಿಷದಲ್ಲಿ ಬೆಂದು ಕರಗುತ್ತದೆ. ಹುಣಸೆ ಬದಲು ಹಾಕಿ ಗೊಜ್ಜು ಮಾಡಿದರೆ ಬಹಳ ಚೆನ್ನಾಗಿರುತ್ತದೆ, ಬೆಲ್ಲ ಮಾತ್ರ ಒಂದು ಕೈ ಮುಂದಿರಲಿ.

ಮನೆಯೊಳಗಿನ ಬಿತ್ತನೆ: ಮೆಣಸಿನಕಾಯಿ, ಬದನೆ

ಮೆಣಸಿನಕಾಯಿಗೆ ಬಿತ್ತನೆಯಿಂದ ಕೆಂಪಾಗುವವರೆಗೆ ಐದಾರು ತಿಂಗಳು ಬೇಕು. ಇಲ್ಲಿಯ ಬೇಸಿಗೆ ಅಷ್ಟು ಉದ್ದವಿಲ್ಲ. ಆದ್ದರಿಂದ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ ಬಿತ್ತಬೇಕಾದ ಮುಖ್ಯ ಬೀಜ ಇದೇ. ಸೀಡ್ ಕಾಂಪೋಸ್ಟ್ ತುಂಬಿದ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳ, ಬೀಜದಿಂದ ಬೀಜಕ್ಕೆ 2 ಸೆಂಟಿಮೀಟರ್ ಅಂತರ, ಮೇಲೆ ತೆಳ್ಳಗೆ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರು. ಹೀಟೆಡ್ ಪ್ರಾಪಗೇಟರಿನಲ್ಲಿ, ಅಂದರೆ ಅಡಿಯಿಂದ ಕಾವು ಕೊಡುವ ಮುಚ್ಚಳದ ಟ್ರೇಯಲ್ಲಿ, 25ರಿಂದ 28 ಡಿಗ್ರಿ ಇದ್ದರೆ ಒಂದೆರಡು ವಾರದಲ್ಲಿ ಮೊಳೆಯುತ್ತವೆ. 18 ಡಿಗ್ರಿಯ ಕೋಣೆಯಲ್ಲಿ ತಿಂಗಳು ಹಿಡಿದು, ಅರ್ಧ ಬೀಜ ಕೊಳೆತಿರುತ್ತದೆ.

ಮೊಳೆತ ತಕ್ಷಣ ಕಾವು ಇಳಿಸಿ ಬೆಳಕು ಏರಿಸಬೇಕು. ಹೆಚ್ಚಿನವರ ಸಸಿಗಳು ಹಾಳಾಗುವುದು ಈ ಹಂತದಲ್ಲೇ. ಕಾವು ಹೆಚ್ಚಿ ಬೆಳಕು ಸಾಲದೆ ಹೋದರೆ ಸಸಿ ಬೆಳಕಿನ ಕಡೆಗೆ ಬಿಳುಚಿ, ಉದ್ದವಾಗಿ, ಬುಡ ಬಗ್ಗಿ ಬೀಳುತ್ತದೆ. ದಕ್ಷಿಣದ ಕಿಟಕಿಯೂ ಫೆಬ್ರವರಿಯಲ್ಲಿ ಸಾಲದು. ಎಲ್‌ಇಡಿ ದೀಪವನ್ನು ದಿನಕ್ಕೆ 14ರಿಂದ 16 ಗಂಟೆ ಹಾಕಿ, ತಾಪ 18–20ಕ್ಕೆ ತಂದರೆ ಗೆಣ್ಣು ಹತ್ತಿರ ಹತ್ತಿರ ಇರುವ ಗಟ್ಟಿ ಸಸಿ ಸಿಗುತ್ತದೆ. ದೀಪ ಇಲ್ಲದವರು ಮಾರ್ಚ್ ಮೊದಲ ವಾರ ಬಿತ್ತುವುದೇ ಲೇಸು. ತಡವಾಗಿ ಬಿತ್ತಿದ ಗಟ್ಟಿ ಸಸಿ ಬೇಗ ಬಿತ್ತಿದ ಬಿಳುಚಿದ ಸಸಿಯನ್ನು ಮೇ ಹೊತ್ತಿಗೆ ಹಿಂದಕ್ಕೆ ಹಾಕುತ್ತದೆ. ರಾತ್ರಿ ಪರದೆ ಎಳೆಯುವಾಗ ಸಸಿ ಗಾಜು ಮತ್ತು ಪರದೆಯ ನಡುವೆ ಸಿಕ್ಕದಂತೆ ಒಳಗೆ ತನ್ನಿ.

ಬುಡ ಕಪ್ಪಾಗಿ ಸಸಿ ಮಲಗಿದರೆ ಅದು ಡ್ಯಾಂಪಿಂಗ್ ಆಫ್ ಎಂಬ ಸಸಿ ಕೊಳೆರೋಗ. ತೊಳೆಯದ ಹಳೆಯ ಟ್ರೇ, ದಟ್ಟ ಬಿತ್ತನೆ, ಮೇಲಿನಿಂದ ನೀರು, ಮುಚ್ಚಿದ ಮುಚ್ಚಳ ಇವೇ ಕಾರಣ. ಟ್ರೇಗಳನ್ನು ಬಿಸಿನೀರು ಸೋಪಿನಲ್ಲಿ ತೊಳೆದು, ಅಡಿಯ ತಟ್ಟೆಗೆ ನೀರು ಹಾಕಿ, ಮೊಳೆತ ದಿನವೇ ಮುಚ್ಚಳ ತೆಗೆದರೆ ಹೆಚ್ಚಾಗಿ ಬರುವುದಿಲ್ಲ. ಜೊತೆ ಎಲೆಗಳ ಮೇಲೆ ನಿಜವಾದ ಎಲೆ ಎರಡು ಬಂದ ಮೇಲೆ 9 ಸೆಂಟಿಮೀಟರ್ ಕುಂಡಕ್ಕೆ ಬದಲಿಸಿ. ಕಾಂಡ ಹಿಡಿಯದೆ ಎಲೆ ಹಿಡಿದು ಎತ್ತಬೇಕು.

ಬ್ಯಾಡಗಿ ಬೆಳೆಯಬೇಕೆಂಬ ಆಸೆ ನಮ್ಮವರಿಗೆ ಸಹಜ. ಆದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜವನ್ನು ಭಾರತದಿಂದ ಸೂಟ್‌ಕೇಸಿನಲ್ಲಿ ತರುವ ಹಾಗಿಲ್ಲ. ಮೆಣಸು, ಟೊಮೇಟೊ ಬೀಜದ ಜೊತೆ ಬರುವ ವೈರಸ್ ಇಲ್ಲಿಯ ಗ್ರೀನ್‌ಹೌಸ್‌ಗಳನ್ನು ಹಾಳುಮಾಡಬಲ್ಲದು. ಇಲ್ಲಿಯ ಬೀಜದ ಕಂಪನಿಗಳು ಮಾರುವ ಭಾರತೀಯ ತಳಿಗಳನ್ನು, ಹಸಿಮೆಣಸಿಗೆ ಜ್ವಾಲಾದಂಥವನ್ನು, ಕೊಳ್ಳುವುದೇ ಸರಿ. ಬದನೆಗೂ ಇದೇ ಕಾವು, ಇದೇ ಬೆಳಕು, ಫೆಬ್ರವರಿ ಕೊನೆಯ ಬಿತ್ತನೆ. ಮಟ್ಟುಗುಳ್ಳದಂಥ ದೊಡ್ಡ ಕಾಯಿಗಿಂತ ಬೇಗ ಬರುವ ಸಣ್ಣ ಕಾಯಿಯ ತಳಿ ಇಲ್ಲಿ ಕೈಕೊಡುವುದು ಕಡಿಮೆ. ಟೊಮೇಟೊಗೆ ಆತುರ ಬೇಡ. ಗ್ರೀನ್‌ಹೌಸಿಗಾದರೆ ಮಾರ್ಚ್ ಮಧ್ಯ, ಬಯಲಿಗಾದರೆ ಏಪ್ರಿಲ್ ಆರಂಭ.

ಆಲೂಗಡ್ಡೆ, ಬ್ರಾಡ್ ಬೀನ್ಸ್

ಬಿತ್ತನೆ ಆಲೂಗಡ್ಡೆಯನ್ನು ಫೆಬ್ರವರಿಯಲ್ಲಿ ತಂದು ಮೊಳಕೆಗೆ ಇಡಬೇಕು. ಅಡುಗೆಮನೆಯದು ಬೇಡ, ಅದರಲ್ಲಿ ವೈರಸ್ ಇದ್ದರೂ ನೋಡಿದರೆ ತಿಳಿಯುವುದಿಲ್ಲ. ಮೊಟ್ಟೆಯ ಟ್ರೇಯಲ್ಲಿ ಹೆಚ್ಚು ಕಣ್ಣಿರುವ ತುದಿ ಮೇಲೆ ಮಾಡಿ, ಬೆಳಕಿರುವ, ಫ್ರಾಸ್ಟ್ (ನೀರು ಹೆಪ್ಪುಗಟ್ಟುವ ಚಳಿ) ತಾಗದ, 10 ಡಿಗ್ರಿ ಆಸುಪಾಸಿನ ಜಾಗದಲ್ಲಿ ಇಡಿ. ಆರು ವಾರದಲ್ಲಿ 2–3 ಸೆಂಟಿಮೀಟರಿನ ಗಿಡ್ಡ, ದಪ್ಪ, ಹಸಿರು ಅಥವಾ ನೇರಳೆ ಮೊಳಕೆ ಬರುತ್ತದೆ. ಬಿಳಿಯ ಉದ್ದ ಮೊಳಕೆ ಬಂದರೆ ಬೆಳಕು ಸಾಲದು ಎಂದರ್ಥ, ನೆಡುವಾಗ ಮುರಿಯುತ್ತದೆ. ಇದು ಮುಖ್ಯವಾಗಿ ಬೇಗ ಬರುವ ತಳಿಗಳಿಗೆ, ರಾಕೆಟ್, ಸ್ವಿಫ್ಟ್‌ನಂಥವಕ್ಕೆ. ಮಾರ್ಚ್ ಕೊನೆಗೆ 10–12 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಂತರ, ಸಾಲಿನಿಂದ ಸಾಲಿಗೆ 60. ತಡವಾಗಿ ಬರುವ ತಳಿಗೆ ಅಂತರ 40, ಸಾಲಿಗೆ 75.

ಫೆಬ್ರವರಿಯ ಮಣ್ಣಿಗೆ ನೇರ ಬಿದ್ದು ಬದುಕುವ ಗಟ್ಟಿ ಬೀಜ ಬ್ರಾಡ್ ಬೀನ್ಸ್, ಅದರಲ್ಲೂ ಅಕ್ವಾಡುಲ್ಸ್ ಕ್ಲಾಡಿಯಾ. 5 ಸೆಂಟಿಮೀಟರ್ ಆಳ, 20 ಸೆಂಟಿಮೀಟರ್ ಅಂತರದಲ್ಲಿ ಜೋಡಿಸಾಲು, ಜೋಡಿಯಿಂದ ಜೋಡಿಗೆ 60. ಇಲಿಗಳಿರುವ ಸೈಟಿನಲ್ಲಿ ನೇರ ಬಿತ್ತದೆ, ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಗಳಲ್ಲಿ ಕಾಂಪೋಸ್ಟ್ ತುಂಬಿ ತಣ್ಣನೆಯ ಗ್ರೀನ್‌ಹೌಸಿನಲ್ಲಿ ಮೊಳಕೆ ಬರಿಸಿ, ಮಾರ್ಚ್‌ನಲ್ಲಿ ಕೊಳವೆ ಸಮೇತ ನೆಡುತ್ತೇನೆ. ಗಿಡವಾದ ಮೇಲೆ ಇಲಿ ಬೀಜದ ತಂಟೆಗೆ ಬರುವುದು ಕಡಿಮೆ.

ಈ ಬೆಳೆಯ ಬಗ್ಗೆ ಕನ್ನಡದವರಿಗೆ ವಿಶೇಷವಾಗಿ ಹೇಳಬೇಕು. ಅವರೆ ಇಲ್ಲಿ ಬಯಲಿನಲ್ಲಿ ಕೈಗೆ ಹತ್ತುವುದಿಲ್ಲ. ನಾಟಿ ಅವರೆ ಹಗಲು ಗಿಡ್ಡವಾದ ಮೇಲೆ ಹೂ ಬಿಡುವ ಗಿಡ. ಇಲ್ಲಿ ಅದು ಹೂವಿಗೆ ಬರುವ ಹೊತ್ತಿಗೆ ಚಳಿ ಬಂದಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಎಚ್‌ಎ-3, ಎಚ್‌ಎ-4 ತಳಿಗಳು ಹಗಲಿನ ಉದ್ದ ನೋಡದೆ ಹೂ ಬಿಡುವಂಥವು, ಆದರೆ ಅವಕ್ಕೂ ಬೆಚ್ಚಗಿನ ಮಣ್ಣು ಬೇಕು. ಬ್ರಾಡ್ ಬೀನ್ಸ್ ಕಾಳನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು ಒತ್ತಿದರೆ ಬೂದು ಸಿಪ್ಪೆ ಜಾರಿ ಹಸಿರು ಬೇಳೆ ಹೊರಬರುತ್ತದೆ. ಹಿತಕಿದ ಬೇಳೆ ಸಾರಿಗೆ ಇದು ಒದಗುತ್ತದೆ. ಸೊನೆಯ ಘಮ ಇಲ್ಲ, ರುಚಿ ಇದೆ. ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವವರು ಮಾತ್ರ ಈ ಕಾಳನ್ನು ತಿನ್ನಲೇಬಾರದು.

ಬೆಳ್ಳುಳ್ಳಿ ನೆಡುವುದು ಉಳಿದಿದ್ದರೆ ಫೆಬ್ರವರಿಯೇ ಕೊನೆ. ಒಂದೆರಡು ತಿಂಗಳು 10 ಡಿಗ್ರಿಗಿಂತ ಕಡಿಮೆ ಚಳಿ ಸಿಗದಿದ್ದರೆ ಎಸಳು ಬಿಡಿಯಾಗದೆ ಒಂದೇ ಉಂಡೆಯಾಗುತ್ತದೆ. ಸಣ್ಣ ಈರುಳ್ಳಿಯಂಥ ಶ್ಯಾಲಟ್ ಈಗ ನೆಡಬಹುದು, ಈರುಳ್ಳಿಯ ಸಣ್ಣ ಗೆಡ್ಡೆಗೆ ಮಾರ್ಚ್ ಮಧ್ಯ.

ಕಾಯಬೇಕಾದವು

ಪಾರ್ಸ್ನಿಪ್ ಪೊಟ್ಟಣ ಏನೇ ಹೇಳಲಿ, ಮಣ್ಣು 8 ಡಿಗ್ರಿ ಮುಟ್ಟುವವರೆಗೆ ಬಿತ್ತಬೇಡಿ. ಏಪ್ರಿಲ್ ಬಿತ್ತನೆ ಎರಡು ಮೂರು ವಾರದಲ್ಲಿ ಮೊಳೆಯುತ್ತದೆ, ಫೆಬ್ರವರಿಯದು ಬಹುಪಾಲು ಕೊಳೆಯುತ್ತದೆ. ಕ್ಯಾರೆಟ್, ಬೀಟ್‌ರೂಟ್‌ಗೂ ಅದೇ. ಬೇಗ ಬೇಕೆನ್ನುವವರು ಮಡಿಗೆ ಮೂರು ವಾರ ಮೊದಲೇ ಕಪ್ಪು ಪ್ಲಾಸ್ಟಿಕ್ ಹಾಸಿದರೆ ಮಳೆ ತಪ್ಪಿ, ಮಣ್ಣು ಒಂದೆರಡು ಡಿಗ್ರಿ ಬೇಗ ಕಾಯುತ್ತದೆ. ಪ್ಲಾಸ್ಟಿಕ್ ಅಡಿಯಲ್ಲಿ ಸ್ಲಗ್‌ಗಳು, ಅಂದರೆ ಚಿಪ್ಪಿಲ್ಲದ ಬಸವನಹುಳುಗಳು, ಸೇರಿರುತ್ತವೆ. ತೆಗೆಯುವ ದಿನ ಅವನ್ನು ಆರಿಸಿ. ಮೆಟಾಲ್ಡಿಹೈಡ್ ನೀಲಿ ಗುಳಿಗೆ 2022ರಿಂದ ಬ್ರಿಟನ್ನಿನಲ್ಲಿ ತೋಟಕ್ಕೆ ಹಾಕುವಂತಿಲ್ಲ. ಶೆಡ್ಡಿನಲ್ಲಿ ಹಳೆಯ ಡಬ್ಬಿ ಸಿಕ್ಕಿದರೆ ಕೌನ್ಸಿಲ್‌ನ ಕಸ ಕೇಂದ್ರಕ್ಕೆ ಕೊಡಿ. ಈಗ ಸಿಗುವುದು ಫೆರಿಕ್ ಫಾಸ್ಫೇಟ್.

ಮೆಂತ್ಯ ಮತ್ತು ಕೊತ್ತಂಬರಿ ತಣ್ಣನೆಯ ಹವೆಗೆ ಹೆದರುವುದಿಲ್ಲ, ಆದರೆ ಫೆಬ್ರವರಿಯ ಬಯಲು ಅವಕ್ಕೂ ಹೆಚ್ಚಾಯಿತು. ಮಾರ್ಚ್ ಮಧ್ಯದಲ್ಲಿ ಕಾವಿಲ್ಲದ ಗ್ರೀನ್‌ಹೌಸಿನ ಆಳದ ಟ್ರೇಯಲ್ಲಿ ಬಿತ್ತಿ. ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ದಟ್ಟವಾಗಿ ಚೆಲ್ಲಿ, 1 ಸೆಂಟಿಮೀಟರ್ ಮಣ್ಣು ಮುಚ್ಚಿ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವ ಮುನ್ಸೂಚನೆ ಇದ್ದರೆ ಟ್ರೇಯ ಮೇಲೆ ಎರಡು ಪದರ ಫ್ಲೀಸ್ (ಗಿಡಕ್ಕೆ ಹೊದಿಸುವ ತೆಳು ಬಟ್ಟೆ) ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಏಪ್ರಿಲ್ ಕೊನೆಯ ಹೊತ್ತಿಗೆ ಮೊದಲ ಕೊಯ್ಲು. ದಂಟು, ಬೆಂಡೆ, ಹೀರೆ, ಸೋರೆಗಳ ಪೊಟ್ಟಣಗಳನ್ನು ಡಬ್ಬಿಯಲ್ಲೇ ಇಡಿ. ಬಳ್ಳಿ ಬೀಜಗಳಿಗೆ ಏಪ್ರಿಲ್‌ನಲ್ಲಿ ಮನೆಯೊಳಗಿನ ಕುಂಡ, ಬಯಲಿಗೆ ಹೋಗುವುದು ಫ್ರಾಸ್ಟಿನ ಅಪಾಯ ಕಳೆದ ಮೇಲೆ. ಮಿಡ್‌ಲ್ಯಾಂಡ್ಸ್‌ನಲ್ಲಿ ಅದು ಮೇ ಕೊನೆ.